ಬಾಗಿಲು ಪರಚುವ ನಾಯಿ

ಕೇಳುಗರೆಲ್ಲರಿಗೂ ನಮಸ್ಕಾರ.

ದುಡ್ಡು ಕೊಟ್ಟು ಜಾತಿ ನಾಯಿ ತರುವ ಬದಲು, ಬೀದಿಯಲ್ಲಿ ಸಿಕ್ಕ ನಾಯಿಯನ್ನೋ ಆಶ್ರಯ ಕೇಂದ್ರದ ನಾಯಿಯನ್ನೋ ಮನೆಗೆ ತಂದುಕೊಳ್ಳುವವರು ನಮ್ಮಲ್ಲಿ ಈಗ ಅಲ್ಲಲ್ಲಿ ಕಾಣುತ್ತಾರೆ. ಬೆಂಗಳೂರಿನ ಕ್ಯೂಪಾದಂಥ ಸಂಸ್ಥೆ 1991ರಿಂದಲೂ ಪ್ರಾಣಿಗಳ ಕೆಲಸ ಮಾಡಿಕೊಂಡು ಬಂದಿದೆ. ನಾನು ಪಶುವೈದ್ಯೆ. ಹೀಗೆ ನಾಯಿ ತಂದವರನ್ನು ಕಂಡರೆ ನನಗೆ ಖುಷಿ. ಆದರೆ ಕೆಲವು ವಾರ ಕಳೆದ ಮೇಲೆ ಅವರಲ್ಲಿ ಕೆಲವರು ಮುಖ ಸಣ್ಣ ಮಾಡಿಕೊಂಡು ಬರುತ್ತಾರೆ.

"ಡಾಕ್ಟ್ರೇ, ನಾವು ಮನೆಯಲ್ಲಿದ್ದರೆ ಇಂಥ ನಾಯಿ ಇನ್ನೊಂದಿಲ್ಲ. ಬೀಗ ಹಾಕಿಕೊಂಡು ಹೋಗಿ ಬಂದರೆ ಬಾಗಿಲ ಚೌಕಟ್ಟೆಲ್ಲ ಸಿಗಿದಿರುತ್ತೆ, ಸೊಳ್ಳೆ ಪರದೆ ಹರಿದಿರುತ್ತೆ. ಪಕ್ಕದ ಮನೆಯವರ ಬೈಗುಳ ಬೇರೆ. ಬೇಕು ಅಂತಲೇ ಮಾಡುತ್ತೆ. ಬಿಟ್ಟು ಹೋದರಲ್ಲ ಅಂತ ನಮ್ಮ ಮೇಲೆ ಸಿಟ್ಟು."

ಸಿಟ್ಟಲ್ಲ, ಅದು ಭಯ. ಇದೊಂದು ಮನಸ್ಸಿಗೆ ಬರದೆ ಮುಂದಿನ ಯಾವ ಉಪಾಯವೂ ಕೈ ಹಿಡಿಯುವುದಿಲ್ಲ.

ಭಯ ಅಂತ ಗೊತ್ತಾಗುವುದು ಹೇಗೆ? ಏನು ಹಾಳಾಗಿದೆ ಅನ್ನುವುದಕ್ಕಿಂತ ಎಲ್ಲಿ, ಯಾವಾಗ ಅಂತ ನೋಡಿ. ಬೇಜಾರಾದ ನಾಯಿ ಚಪ್ಪಲಿ ಕಚ್ಚುತ್ತದೆ, ದಿಂಬು ಹರಿಯುತ್ತದೆ, ಕಸದ ಬುಟ್ಟಿ ಬೀಳಿಸುತ್ತದೆ. ಹೆದರಿದ ನಾಯಿಯ ಕಣ್ಣೆಲ್ಲ ನೀವು ಹೋದ ದಾರಿಯ ಮೇಲೆ. ಹಾಗಾಗಿ ಬಾಗಿಲು, ಕಿಟಕಿ, ಗ್ರಿಲ್ಲು, ಇವೇ ಜಾಸ್ತಿ ಹಾಳಾಗುತ್ತವೆ. ಎಷ್ಟೋ ನಾಯಿಗಳಲ್ಲಿ ಇದು ನೀವು ಹೊರಟ ಅರ್ಧ ಗಂಟೆಯೊಳಗೇ ಶುರುವಾಗುತ್ತದೆ. ನೆಲದ ಮೇಲೆ ಜೊಲ್ಲು ಸುರಿದಿರುತ್ತದೆ. ಇಟ್ಟು ಹೋದ ಅನ್ನ ಇಟ್ಟ ಹಾಗೇ ಇರುತ್ತದೆ. ಹೊರಗೆ ಹೋಗುವುದನ್ನು ಚೆನ್ನಾಗಿ ಕಲಿತ ನಾಯಿಯೂ ಒಳಗೇ ಉಚ್ಚೆ ಹೊಯ್ದಿರುತ್ತದೆ. ಒಂದು ಹಳೇ ಮೊಬೈಲನ್ನು ಕಪಾಟಿನ ಮೇಲಿಟ್ಟು ವಿಡಿಯೋ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ತಮ್ಮ ನಾಯಿ ಏದುಸಿರು ಬಿಡುತ್ತಾ, ಕೂರಲಾರದೆ ನಿಲ್ಲಲಾರದೆ ಬಾಗಿಲಿಗೂ ಕಿಟಕಿಗೂ ಓಡಾಡುವುದನ್ನು ನೋಡಿದವರು ಸಿಟ್ಟಿನ ಮಾತು ಎತ್ತುವುದು ಕಡಿಮೆ.

"ಇಲ್ಲ ಮೇಡಂ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು. ನಾವು ಬಂದ ತಕ್ಷಣ ತಲೆ ತಗ್ಗಿಸುತ್ತೆ" ಅನ್ನುವವರೂ ಇದ್ದಾರೆ. ನಾಯಿಗಳ ನಡವಳಿಕೆ ಅಧ್ಯಯನ ಮಾಡುವ ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದರ ಬಗ್ಗೆಯೇ. ಯಜಮಾನರು ತಿಂಡಿಯೊಂದನ್ನು ತೋರಿಸಿ, ತಿನ್ನಬೇಡ ಅಂತ ಹೇಳಿ ಹೊರಗೆ ಹೋಗುತ್ತಿದ್ದರು. ಕೆಲವು ಸಲ ನಾಯಿ ಅದನ್ನು ತಿಂದಿರುತ್ತಿತ್ತು, ಕೆಲವು ಸಲ ಮುಟ್ಟಿಯೇ ಇರುತ್ತಿರಲಿಲ್ಲ. ಆದರೆ ಆ ತಪ್ಪಿತಸ್ಥ ಮುಖಕ್ಕೂ ತಿಂದದ್ದಕ್ಕೂ ಸಂಬಂಧವೇ ಕಾಣಲಿಲ್ಲ. ಬೈಸಿಕೊಂಡ ನಾಯಿ ಆ ಮುಖ ಮಾಡುತ್ತಿತ್ತು. ತಿನ್ನದೆಯೂ ಬೈಸಿಕೊಂಡ ನಾಯಿ ಇನ್ನೂ ಜಾಸ್ತಿ! ಅಂದರೆ ಅದು ನಮ್ಮ ಮುಖ ನೋಡಿ ಮುದುಡುವುದು, ಅಷ್ಟೇ. ಮನೆಗೆ ಬಂದು ಹೊಡೆದರೆ ಅದಕ್ಕೆ ನೀವು ಹೋಗುವುದೂ ಭಯ, ಬರುವುದೂ ಭಯ.

ಈ ಭಯ ಎಲ್ಲಿಂದ ಬಂತು? ಒಂದೇ ಕಾರಣ ಹೇಳಲಾಗದು. ಬೀದಿಯಲ್ಲಿ ಹುಟ್ಟಿದ ನಾಯಿ ತನ್ನ ಗುಂಪಿನ ಜೊತೆ ಬಯಲಲ್ಲಿ ಬೆಳೆದಿರುತ್ತದೆ. ಮುಚ್ಚಿದ ಬಾಗಿಲು ಅಂದರೇನು ಅಂತಲೇ ಅದಕ್ಕೆ ಗೊತ್ತಿರುವುದಿಲ್ಲ. ಮೂರು ವಾರದಿಂದ ಸುಮಾರು ಮೂರು ತಿಂಗಳವರೆಗಿನ ವಯಸ್ಸಿನಲ್ಲಿ ಕಾಣದ್ದನ್ನೆಲ್ಲ ನಾಯಿ ಆಮೇಲೆ ಅನುಮಾನದಿಂದಲೇ ನೋಡುತ್ತದೆ. ಇನ್ನು ಕೆಲವನ್ನು ಯಾರೋ ಸಾಕಿ, ಮನೆ ಬದಲಾಯಿಸುವಾಗ ಬಿಟ್ಟು ಹೋಗಿರುತ್ತಾರೆ. ಕೆಲವು ಗಿಡ್ಡ ಸರಪಳಿಯಲ್ಲಿ ಹಗಲೂ ರಾತ್ರಿ ಬಿದ್ದಿದ್ದಂಥವು. ಹಾಗೆ ಕಟ್ಟಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಅಪರಾಧ. ಎಷ್ಟು ಜನಕ್ಕೆ ಗೊತ್ತು ಹೇಳಿ!

ಭಯ ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದಕ್ಕೆ ರಷ್ಯಾದ ವಿಜ್ಞಾನಿ ಪಾವ್ಲೋವ್ ಅವರ ಪ್ರಯೋಗಶಾಲೆಯ ನಾಯಿಗಳೇ ಸಾಕ್ಷಿ. 1924ರ ಸೆಪ್ಟೆಂಬರಿನಲ್ಲಿ ಲೆನಿನ್‌ಗ್ರಾಡಿಗೆ ದೊಡ್ಡ ಪ್ರವಾಹ ಬಂತು. ಬೋನಿನಲ್ಲಿದ್ದ ನಾಯಿಗಳು ಮುಳುಗುವ ಹೊತ್ತಿಗೆ ಅವನ್ನು ಹೊರಗೆಳೆದು ಉಳಿಸಿದರು. ಆಮೇಲೆ ನೋಡಿದರೆ ಕೆಲವು ನಾಯಿಗಳು ಕಲಿತದ್ದನ್ನೆಲ್ಲ ಮರೆತಿದ್ದವು. ಅವುಗಳಲ್ಲಿ ಒಂದು ಮೆಲ್ಲಗೆ ಸುಧಾರಿಸಿಕೊಂಡಿತ್ತು. ಬಾಗಿಲ ಸಂದಿಯಿಂದ ಒಂದಿಷ್ಟು ನೀರು ಒಳಗೆ ಹರಿಸಿದ್ದೇ ತಡ, ಮತ್ತೆ ಕಂಗಾಲಾಯಿತು.

ಹಾಗಾಗಿ ಚಿಕಿತ್ಸೆಯ ಮೊದಲ ಭಾಗ ನಾಯಿಗಲ್ಲ, ಮನೆಯವರಿಗೆ. ಒಂಟಿಯಾಗಿ ಎಷ್ಟು ಹೊತ್ತು ತಡೆದುಕೊಳ್ಳುತ್ತದೋ ಅದಕ್ಕಿಂತ ಜಾಸ್ತಿ ಹೊತ್ತು ಅದನ್ನು ಬಿಟ್ಟು ಹೋಗಲೇಬಾರದು. ಒಂಟಿಯಾಗಿರುವುದನ್ನು ಕಲಿಸುವ ಪಾಠ ನಡೆಯುವ ಕಾಲಕ್ಕಾದರೂ. ಬೆಳಿಗ್ಗೆ ಪಾಠ ಮಾಡಿ ಮಧ್ಯಾಹ್ನ ನಾಲ್ಕು ಗಂಟೆ ಬೀಗ ಹಾಕಿ ಹೋದರೆ ಪಾಠವೆಲ್ಲ ನೀರುಪಾಲು. ಇದನ್ನು ಕೇಳಿದ ಕೂಡಲೇ ಕೆಲಸಕ್ಕೆ ಹೋಗುವವರು ನನ್ನನ್ನು ಕೆಕ್ಕರಿಸಿ ನೋಡುತ್ತಾರೆ. ನೋಡಲಿ. ಈ ವಿಷಯದಲ್ಲಿ ನಮ್ಮ ಕಡೆ ಇರುವ ಅನುಕೂಲ ಸಣ್ಣದಲ್ಲ. ಮನೆಯಲ್ಲಿ ಅತ್ತೆ ಇರುತ್ತಾರೆ, ಎದುರು ಮನೆಯಲ್ಲಿ ನಿವೃತ್ತರಾದ ಮೇಷ್ಟ್ರು ಇರುತ್ತಾರೆ, ಅಂಗಡಿ ಇಟ್ಟಿರುವ ತಮ್ಮ ಇರುತ್ತಾನೆ. ಬಾಯಿ ಬಿಟ್ಟು ಕೇಳಬೇಕು, ಅಷ್ಟೇ.

ನನಗೆ ಗೊತ್ತಿರುವ ಒಂದು ಮನೆಯ ನಾಯಿ ಕೆಂಪಿ. ಕಾರ್ ಶೆಡ್ಡಿನಲ್ಲಿ ಸಿಕ್ಕಿದ್ದು. ಒಂಟಿಯಾಗಿ ಬಿಟ್ಟರೆ ಉಗುರು ಕಿತ್ತು ರಕ್ತ ಬರುವ ತನಕ ಬಾಗಿಲು ಪರಚುತ್ತಿತ್ತು. ಆ ಮನೆಯ ಅಜ್ಜಿಗೆ ನಾಯಿ ಅಂದರೆ ಮೈಲಿಗೆ, ಅಡುಗೆಮನೆ ಹೊಸಿಲು ದಾಟುವ ಹಾಗಿಲ್ಲ. ಅಜ್ಜಿ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುವಾಗ ಕೆಂಪಿ ದೂರದಲ್ಲಿ ಮಲಗಿರುತ್ತಿತ್ತು. ಪಾಠಕ್ಕೆ ಅಜ್ಜಿಯೇ ಮೇಷ್ಟ್ರಾದರು, ಅವರಿಗೆ ಗೊತ್ತಿಲ್ಲದ ಹಾಗೆ! ಹೂ ಕೀಳಲು ಬಾಗಿಲು ಎಳೆದುಕೊಂಡು ಹೋಗುವುದು, ಬರುವುದು. ಹಾಲಿನವನ ಹತ್ತಿರ ಹೋಗುವುದು, ಬರುವುದು. ಮುದ್ದಿಲ್ಲ, ಮಾತಿಲ್ಲ, "ಹೋಗಿ ಬರ್ತೀನಿ ಪುಟ್ಟಾ" ಅನ್ನುವ ನಾಟಕವೂ ಇಲ್ಲ. ನಾನು ಎಲ್ಲರಿಗೂ ಹೇಳಿಕೊಡಬೇಕಾದ ಪಾಠ ಇದೇ. ನಾಯಿಗೆ ಗಾಬರಿ ಹತ್ತುವ ಮುಂಚೆ ವಾಪಸು ಬರಬೇಕು. ಮೊದಲು ಕೆಲವು ಸೆಕೆಂಡು, ಆಮೇಲೆ ಒಂದು ನಿಮಿಷ, ಮತ್ತೆ ಅರ್ಧ ನಿಮಿಷ. ಪ್ರತಿ ಸಲವೂ ಜಾಸ್ತಿ ಮಾಡುತ್ತಾ ಹೋದರೆ ನಾಯಿಗೆ ಲೆಕ್ಕ ಸಿಕ್ಕಿಬಿಡುತ್ತದೆ. ಪದೇ ಪದೇ ಆಕಳಿಸುವುದು, ತುಟಿ ನೆಕ್ಕುವುದು, ಏದುಸಿರು ಕಂಡರೆ ಹೊತ್ತು ಜಾಸ್ತಿಯಾಯಿತು ಅಂತ ಅರ್ಥ. ಹಿಂದಕ್ಕೆ ಬನ್ನಿ.

ಬೀಗದ ಕೈ ಸದ್ದಾದರೆ ಸಾಕು, ಕೆಲವು ನಾಯಿ ನಡುಗಲು ಶುರು. ಅಂಥದ್ದಕ್ಕೆ ಸುಮ್ನೆ ಬೀಗದ ಕೈ ತೆಗೆದುಕೊಂಡು ಕೂತು ಪೇಪರ್ ಓದಿ. ಚಪ್ಪಲಿ ಹಾಕಿಕೊಂಡು ಕಾಫಿ ಕುಡಿಯಿರಿ. ಬ್ಯಾಗು ಹೆಗಲಿಗೇರಿಸಿ ಟಿ.ವಿ. ನೋಡಿ. ನೆಂಟರು ನಕ್ಕರೆ ನಗಲಿ.

ಇನ್ನು ಜನ ಕೇಳುವ ಒಳದಾರಿಗಳು. ಬೋನಿಗೆ ಹಾಕಬಹುದಾ? ಗಾಬರಿಯಾದ ನಾಯಿ ಬೋನಿನ ಸರಳು ಕಚ್ಚಿ ಹಲ್ಲು ಮುರಿದುಕೊಳ್ಳುತ್ತದೆ. ಬೇಡ. ಜೊತೆಗೆ ಇನ್ನೊಂದು ನಾಯಿ ತರಬಹುದಾ? ಅದು ಹುಡುಕುತ್ತಿರುವುದು ನಿಮ್ಮನ್ನು, ಇನ್ನೊಂದು ನಾಯಿಯನ್ನಲ್ಲ. ಕೊನೆಗೆ ಬೊಗಳುವುದಕ್ಕೆ ಇಬ್ಬರಾಗುತ್ತಾರೆ. ಹಳೇ ಟವೆಲಿನಲ್ಲಿ ರಾಗಿಮುದ್ದೆಯ ಚೂರು ಸುತ್ತಿಟ್ಟು ಹುಡುಕಿ ತಿನ್ನಲು ಬಿಡುವುದು ಒಳ್ಳೆಯದೇ. ಮೂಸುವುದು, ನೆಕ್ಕುವುದು ನಾಯಿಗೆ ಸಮಾಧಾನ ಕೊಡುತ್ತವೆ. ಆದರೆ ಇದರಿಂದ ಭಯ ಹೋಗದು. ಮುದ್ದೆ ಹಾಗೇ ಉಳಿದಿದ್ದರೆ ನಾಯಿ ನೆಮ್ಮದಿಯಾಗಿರಲಿಲ್ಲ ಅಂತ ನಮಗೆ ತಿಳಿಯುತ್ತದೆ, ಅದೇ ದೊಡ್ಡ ಉಪಯೋಗ.

ಭಯ ತೀರಾ ಜಾಸ್ತಿ ಇದ್ದರೆ ಬರೀ ಪಾಠ ಸಾಲದು, ಮಾತ್ರೆ ಬೇಕು. "ನಾಯಿಗೂ ಹುಚ್ಚಿನ ಮಾತ್ರೆಯಾ?" ಅಂತ ಹುಬ್ಬೇರಿಸುತ್ತಾರೆ. ಹುಚ್ಚಿನದ್ದಲ್ಲ. ಕ್ಲೋಮಿಪ್ರಮೈನ್, ಫ್ಲುಯೊಕ್ಸೆಟಿನ್ ಎಂಬ ಔಷಧಗಳಿಗೆ ನಾಯಿಗಳ ಈ ತೊಂದರೆಗೆಂದೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿ ವರ್ಷಗಳೇ ಆಗಿವೆ. ಇವು ನಿದ್ದೆ ಬರಿಸುವ ಮಾತ್ರೆಗಳಲ್ಲ. ಪೂರ್ತಿ ಗುಣ ಕಾಣಲು ಸುಮಾರು ನಾಲ್ಕರಿಂದ ಆರು ವಾರ ಬೇಕು. ಹತ್ತು ದಿನ ಕೊಟ್ಟು, ಏನೂ ಆಗಲಿಲ್ಲ ಅಂತ ನಿಲ್ಲಿಸುವವರೇ ಜಾಸ್ತಿ. ಮನೆಯಲ್ಲಿ ಯಾರಿಗೋ ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ನಾಯಿಗೆ ಕೊಡಬೇಡಿ. ಅದರ ತೂಕ, ಯಕೃತ್ತು, ಬೇರೆ ಔಷಧಿ, ಎಲ್ಲ ನೋಡಿ ಕೊಡುವಂಥದ್ದು ಅದು. ಮೊದಲು ಒಂದು ಸಲ ಮೈ ಪೂರ್ತಿ ಪರೀಕ್ಷೆ ಮಾಡಿಸಿ. ಕಿವಿಯ ಸೋಂಕು, ಕೀಲು ನೋವು, ಮೂತ್ರದ ತೊಂದರೆ ಇರುವ ನಾಯಿಯೂ ಹೀಗೇ ಆಡಬಹುದು.

ಕೆಂಪಿ ಈಗ ಅರ್ಧ ದಿನ ಒಬ್ಬಳೇ ಇರುತ್ತಾಳೆ. ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಆ ಮನೆಯವರು ಅಷ್ಟಕ್ಕೇ ಹೊಂದಿಕೊಂಡಿದ್ದಾರೆ. ಮದುವೆ ಮುಂಜಿಗೆ ಒಬ್ಬರು ಮನೆಯಲ್ಲಿ ಉಳಿಯುತ್ತಾರೆ.

ಕೊನೆಗೆ ದೀಪಾವಳಿಯ ಮಾತು. ಇಂಥ ನಾಯಿಗಳಲ್ಲಿ ಎಷ್ಟೋ ಸದ್ದಿಗೂ ಹೆದರುತ್ತವೆ. ಹಬ್ಬದ ಹಿಂದಿನ ದಿನ ಓಡಿ ಬಂದು ಮಂಪರು ಬರಿಸುವ ಮಾತ್ರೆ ಕೇಳಬೇಡಿ. ಹಿಂದೆಲ್ಲ ಕೊಡುತ್ತಿದ್ದ ಅಸೆಪ್ರೊಮಜಿನ್ ಮೈಯನ್ನು ಜಡ ಮಾಡುತ್ತದೆ, ಭಯವನ್ನು ಕಳೆಯುವುದಿಲ್ಲ. ನಾಯಿಗೆ ಪಟಾಕಿ ಕೇಳುತ್ತಲೇ ಇರುತ್ತದೆ, ಓಡಲು ಮಾತ್ರ ಆಗುವುದಿಲ್ಲ. ಈಗ ಅದಕ್ಕಿಂತ ಒಳ್ಳೆಯ ಔಷಧಗಳಿವೆ. ಒಂದು ತಿಂಗಳು ಮುಂಚೆಯೇ ನಿಮ್ಮ ವೈದ್ಯರನ್ನು ಕಾಣಿ. ಹಬ್ಬದ ದಿನ ಬೆಳಕಿರುವಾಗಲೇ ಸುತ್ತಾಡಿಸಿ ತನ್ನಿ. ಕೊರಳಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರ್ ಬರೆದಿರಲಿ. ಗೇಟಿನ ಚಿಲಕ ಇನ್ನೊಂದು ಸಲ ನೋಡಿ.

ನಮಸ್ಕಾರ.