ಬೈಕಂಪಾಡಿಯ ಶೆಡ್ಡಲ್ಲಿ ವಿಮಾನದ ಪಾರ್ಟು

ಇದು ಮಂಗಳೂರಿನ ಬೈಕಂಪಾಡಿ, ನನ್ನ ಚಿಕ್ಕಪ್ಪನ ಮಗನ ಶೆಡ್ಡು. ಒಳಗೆ ಮೆಷಿನ್ ಸೌಂಡಿಗೆ ಎಂತದೂ ಕೇಳುದಿಲ್ಲ, ಹಾಗಾಗಿ ಈ ವಿಡಿಯೋಗೆ ಮಾತು ಆಮೇಲೆ ಸೇರಿಸಿದ್ದು. ಬಿಳಿಯಾಗಿ ಚಿಮ್ಮುದು ಕೂಲೆಂಟು, ಕಟ್ ಮಾಡುವಾಗ ಬಿಸಿ ಆಗದ ಹಾಗೆ ಬಿಡುವ ದ್ರವ. ಕಟ್ ಆಗ್ತಾ ಇರುದು 7075 ಅಲ್ಯೂಮಿನಿಯಂ, ಸತು ಸೇರಿಸಿದ ಗಟ್ಟಿ ಜಾತಿ. ಅಷ್ಟು ದೊಡ್ಡ ಗಟ್ಟಿಯಲ್ಲಿ ಬಹುಪಾಲು ಕೆತ್ತಿ ಬಿಸಾಡಿದ ಮೇಲೆ ಉಳಿಯುದು ಅಂಗೈಯಗಲದ ಒಂದು ಬ್ರಾಕೆಟ್ಟು. ಅದು ವಿಮಾನಕ್ಕೆ ಹೋಗ್ತದೆ. ನಮ್ಮ ಬೈಕಂಪಾಡಿಯಿಂದ, ಮಾರಾಯ್ರೆ!

ಈ ಗಾಜಿನ ಕೋಣೆಗೆ ಚಪ್ಪಲಿ ತೆಗ್ದು ಹೋಗ್ಬೇಕು. ಎಸಿ ಯಾವತ್ತೂ 20 ಡಿಗ್ರಿ. ಶೋಕಿಗಲ್ಲ ಅದು, ಅಳತೆ ತೆಗಿಲಿಕ್ಕೆ ಇಡೀ ಪ್ರಪಂಚ ಒಪ್ಪಿಕೊಂಡ ಉಷ್ಣತೆಯೇ ಅಷ್ಟು. 10 ಸೆಂಟಿಮೀಟರಿನ ಅಲ್ಯೂಮಿನಿಯಂ ಪೀಸು ನಮ್ಮ 30 ಡಿಗ್ರಿ ಸೆಕೆಗೆ ಬಂದ್ರೆ ಹತ್ತಿರ ಹತ್ತಿರ 23 ಮೈಕ್ರಾನ್ ಉದ್ದ ಆಗ್ತದೆ. ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಈ ಡ್ರಾಯಿಂಗಲ್ಲಿ ಹೆಚ್ಚುಕಮ್ಮಿ ಆಗ್ಲಿಕ್ಕೆ ಬಿಟ್ಟಿರುದೇ 20 ಮೈಕ್ರಾನ್. ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರ್ತದೆ.

ಇಲ್ಲಿ ಅಳತೆ ತೆಗಿಯುವ ಇವಳು ಮೂಡುಬಿದಿರೆ ಕಡೆಯವಳು, ಮಂಗಳೂರಿನ ಸರ್ಕಾರಿ ಪಾಲಿಟೆಕ್ನಿಕ್ ಕೆಪಿಟಿಯಲ್ಲಿ ಡಿಪ್ಲೊಮಾ. ಕೈ ನೋಡಿ. ದಪ್ಪ ಅಳೆಯುವ ಮೈಕ್ರೋಮೀಟರನ್ನು ಹಿಂದಿನ ರ‍್ಯಾಚೆಟ್‌ನಿಂದ, ಅಂದ್ರೆ ಒತ್ತಡ ಜಾಸ್ತಿ ಆಗದ ಹಾಗೆ ಜಾರುವ ತಿರುಪಿನಿಂದ ಮಾತ್ರ ತಿರುಗಿಸ್ತಾಳೆ, ಟಕ್ ಟಕ್ ಟಕ್, ಅಲ್ಲಿಗೆ ನಿಲ್ಲಿಸ್ತಾಳೆ. ಒತ್ತಿ ಹಿಡಿದ್ರೆ ಅಳತೆ ಸುಳ್ಳು ಹೇಳ್ತದೆ. ಗ್ಲೌಸ್ ಯಾಕಂದ್ರೆ ಬೆವರು ತಾಗಿದ್ರೆ ಸ್ಟೀಲ್ ಗೇಜಿನ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳ್ತದೆ, ಸಮುದ್ರದ ಗಾಳಿ ಬೇರೆ. ಇಂಥ ಕೈ ತಯಾರಾಗ್ಲಿಕ್ಕೆ ವರ್ಷಗಟ್ಟಲೆ ಬೇಕು. ವಿಮಾನದ ಉದ್ಯಮ ಅಂದ್ರೆ ಜನ ಇಂಜಿನಿಯರ್ ಅಂತಲೇ ಯೋಚಿಸುದು. ಫಿಟ್ಟರ್, ಮೆಷಿನಿಸ್ಟ್ ಇಲ್ಲದೆ ಇಂಜಿನಿಯರ್ ಬರೆದದ್ದು ಪೇಪರಲ್ಲೇ ಉಳಿತದೆ.

ಈಗ ಈ ಡಬ್ಬ ನೋಡಿ. ಇಲ್ಲಿ ಮಾಡಿದ ಪೀಸು ಆನೋಡೈಸಿಂಗಿಗೆ, ಅಂದ್ರೆ ಮೇಲ್ಮೈಗೆ ರಕ್ಷಣೆಯ ಪದರ ಬರಿಸ್ಲಿಕ್ಕೆ, ಮತ್ತೆ ಬಿರುಕು ಪರೀಕ್ಷೆಗೆ ಬೆಂಗಳೂರಿಗೆ ಹೋಗಿ ಬರ್ಬೇಕು. ಆ ಎರಡೂ ಕೆಲಸಕ್ಕೆ ಗಿರಾಕಿ ಒಪ್ಪಿದ, ಸರ್ಟಿಫಿಕೇಟ್ ಇರುವ ಜಾಗವೇ ಆಗ್ಬೇಕು. ಈ ಸಲ ವಾಪಸ್ ಬರುವಾಗ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಗಾಡಿ ನಿಂತಿತು, ಸಾಮಾನು ಬೇರೆ ಗಾಡಿಗೆ ಹಾಕಿದ್ರು, ಯಾರೋ ಇದರ ಮೇಲೆ ಭಾರದ್ದು ಎಂತದೋ ಇಟ್ಟಿದ್ದಾರೆ. ಮೂಲೆ ಜಜ್ಜಿ ಹೋಗಿದೆ. ಒಳಗೆ ಫೋಮ್ ಹರಿದು ಪೀಸಿಗೆ ಪೀಸು ಉಜ್ಜಿದೆ. ಕ್ಯಾಮೆರಾ ಹತ್ರ ತಂದೆ, ಆ ಗೀರು ಕಾಣ್ತದಾ? ಉಗುರು ಎಳೆದ್ರೆ ತಾಗ್ತದೆ. ಮುಗೀತು, ರಿಜೆಕ್ಟ್. ಸ್ವಲ್ಪ ಪಾಲಿಶ್ ಹಾಕಿದ್ರೆ ಆಗುದಿಲ್ವಾ ಅಂತ ಕೇಳ್ಬೇಡಿ. ಹಾರಾಟದಲ್ಲಿ ಲೋಹಕ್ಕೆ ಮತ್ತೆ ಮತ್ತೆ ಒತ್ತಡ ಬೀಳುವಾಗ ಬಿರುಕು ಶುರುವಾಗುದೇ ಇಂಥ ಗೀರಿಂದ. ಮುಚ್ಚಿಡ್ಲಿಕ್ಕೂ ಬರುದಿಲ್ಲ, ಪ್ರತಿ ಪೀಸಿಗೂ ನಂಬರ್ ಉಂಟು, ಯಾವ ಗಟ್ಟಿಯಿಂದ ಕಡಿದದ್ದು ಅಂತ ದಾಖಲೆ ಉಂಟು.

ಪಾರ್ಸೆಲಿನವರಿಗೆ ಫೋನ್ ಮಾಡಿದ್ರೆ ನಿಮ್ಮ ಪ್ಯಾಕಿಂಗ್ ಸರಿ ಇರ್ಲಿಲ್ಲ ಅಂತಾರೆ. ರಶೀದಿ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಪರಿಹಾರದ ಮಿತಿ ಬರೆದಿದ್ದಾರೆ, ಆ ದುಡ್ಡಿಗೆ ಈ ಅಲ್ಯೂಮಿನಿಯಂ ಗಟ್ಟಿಯ ಒಂದು ತುಂಡೂ ಬರುದಿಲ್ಲ. ಕೂಲಿ, ಮೆಷಿನ್ ಗಂಟೆ, ಟೂಲು, ಆನೋಡೈಸಿಂಗ್ ಎಲ್ಲ ನೀರಲ್ಲಿ ಹೋಮ. ಚಿಕ್ಕಪ್ಪನ ಮಗ ಮಾತೇ ಆಡ್ತಾ ಇಲ್ಲ. ನನಗಂತೂ ಹೊಟ್ಟೆ ಉರೀತದೆ.

ಮೇಲೆ ಹೋದದ್ದು ಬಜ್ಪೆಗೆ ಇಳಿಯುವ ವಿಮಾನ. 1951ರ ಡಿಸೆಂಬರಲ್ಲಿ ನೆಹರೂ ಬಂದಿಳಿದು ಶುರುವಾದ ನಿಲ್ದಾಣ ಅದು. ಅಜ್ಜ ಇದ್ದಾಗ ವಿಮಾನ ನೋಡ್ಲಿಕ್ಕೆಂತಲೇ ಕೆಂಜಾರಿಗೆ ಹೋಗ್ತಿದ್ರಂತೆ, ಗೋಣಿಯಲ್ಲಿ ನೆಲಗಡಲೆ ಕಟ್ಟಿಕೊಂಡು... ಆಯ್ತು, ಶಾಟ್ ಮುಗೀತು.

ಬೆಳಗಾವಿ ಹತ್ತಿರ ಹತ್ತರಗಿಯಲ್ಲಿ ವಿಮಾನದ ಪಾರ್ಟ್ ಮಾಡುವ ಏಕಸ್ ಕಂಪನಿಯವರ ಆವರಣ ಉಂಟಲ್ಲ, ಅಲ್ಲಿ ಫೋರ್ಜಿಂಗ್ (ಲೋಹವನ್ನು ಒತ್ತಿ ಆಕಾರ ಕೊಡುದು), ಮೆಷಿನಿಂಗ್, ಮೇಲ್ಮೈ ಸಂಸ್ಕರಣೆ ಎಲ್ಲ ಒಂದೇ ಕಾಂಪೌಂಡಿನೊಳಗೆ. ಅಲ್ಲಿ ಪೀಸು ಘಾಟಿ ಇಳಿಯುದೇ ಬೇಡ. ನನ್ನ ಪ್ರಕಾರ ನಮಗೆ ಏರೋಸ್ಪೇಸ್ ಪಾರ್ಕ್, ಅಂದ್ರೆ ವಿಮಾನದ ಕೆಲಸದವರಿಗೇ ಅಂತ ಮಾಡುವ ಕೈಗಾರಿಕಾ ಪ್ರದೇಶ ಬೇಡ. ಪಾರ್ಕ್ ಅಂದ್ರೆ ಮೊದ್ಲು ಬೋರ್ಡು, ಆಮೇಲೆ ಬರೀ ಜಾಗದ ರೇಟು. ಒಂದು ಆನೋಡೈಸಿಂಗ್ ಲೈನು, ಒಂದು ಬಿರುಕು ಪರೀಕ್ಷೆಯ ಕೋಣೆ ಬಂದ್ರೆ ಸಾಕು. ಆದ್ರೆ ಆನೋಡೈಸಿಂಗ್ ಅಂದ್ರೆ ಆ್ಯಸಿಡ್ ಟ್ಯಾಂಕು, ಪಕ್ಕದಲ್ಲಿ ಫಲ್ಗುಣಿ ಹೊಳೆ. ಆ ನೀರು ಶುದ್ಧ ಮಾಡುವ ಖರ್ಚು ಒಬ್ಬೊಬ್ಬ ಶೆಡ್ಡಿನವನಿಗೆ ಆಗುವಂಥದ್ದಲ್ಲ, ಹತ್ತು ಜನ ಸೇರಿಯೇ ಮಾಡ್ಬೇಕು. ಹಾಗೆ ನೋಡಿದ್ರೆ ಪಾರ್ಕ್ ಬೇಕೇ ಬೇಕು. ಹೌದು, ಬೇಕು.

ಶೆಡ್ಡು ಸಣ್ಣದು ಅಂತ ತಾತ್ಸಾರ ಮಾಡ್ಬೇಡಿ. ನಮ್ಮ ಉಡುಪಿ ಅದಮಾರಿನ ಯು. ಆರ್. ರಾವ್ ಮುಂದಾಳತ್ವದಲ್ಲಿ ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೀಟ್ ಹಾಕಿದ ಶೆಡ್ಡಲ್ಲಿ. 360 ಕಿಲೋದ ಉಪಗ್ರಹ, 1975ರ ಏಪ್ರಿಲ್ 19ಕ್ಕೆ ಮೇಲೆ ಹೋಯ್ತು. ನಮ್ಮಲ್ಲಿ ಕಲಿಸುವವರಿಗೇನೂ ಬರ ಇಲ್ಲ. ಕದ್ರಿಯಲ್ಲಿ ಕೆಪಿಟಿ, ಇಲ್ಲೇ ಬೈಕಂಪಾಡಿಯಲ್ಲಿ ಟೂಲ್ ಕೆಲಸ ಕಲಿಸುವ ಸರ್ಕಾರಿ ಕೇಂದ್ರ ಜಿಟಿಟಿಸಿ, ಮಣಿಪಾಲದಲ್ಲಿ ಏರೋನಾಟಿಕಲ್ ವಿಭಾಗ. ಕಲಿತವರು ಮಾತ್ರ ರಾತ್ರಿ ಬಸ್ಸಿಗೆ ಬೆಂಗಳೂರು ಸೇರ್ತಾರೆ. ಅವರನ್ನು ಬೈಲಿಕ್ಕೆ ನನಗೆ ಮನಸ್ಸಿಲ್ಲ, ಅಲ್ಲಿ ಸಂಬಳ ಜಾಸ್ತಿ.

ಲೋಡಿನ ಗಾಡಿ ಬಂತು, ಬಾಗಿಲು ಬಿಡ್ಬೇಕು. ಪೀಣ್ಯದಲ್ಲಿ, ದೇವನಹಳ್ಳಿಯಲ್ಲಿ ಸಿಎನ್‌ಸಿ, ಅಂದ್ರೆ ಕಂಪ್ಯೂಟರ್ ನಡೆಸುವ ಮೆಷಿನಲ್ಲಿ ಕೆಲಸ ಮಾಡ್ತಾ ಇರುವ ನಮ್ಮ ಊರಿನವರು ಒಂದು ಹೇಳಿ: ಬಾಡಿಗೆ ಕಳೆದು ನಿಮ್ಮ ಕೈಯಲ್ಲಿ ಉಳಿಯುದೆಷ್ಟು, ಇಲ್ಲಿ ಎಷ್ಟು ಕೊಟ್ರೆ ವಾಪಸ್ ಬರ್ತೀರಿ? ಚಿಕ್ಕಪ್ಪನ ಮಗನಿಗೆ ಇಬ್ಬರು ಮೆಷಿನಿಸ್ಟ್ ಅರ್ಜೆಂಟಾಗಿ ಬೇಕು.