ಕಾಮ: ಮೊದಲನೆಯ ವೈರಿಯೋ, ಕಡೆಯ ಪಾಪವೋ?

ಶರಣು ಶರಣಾರ್ಥಿ.

ಕ್ರೈಸ್ತರ ಏಳು ಮಹಾಪಾಪಗಳಲ್ಲಿ ಕಾಮವೂ ಒಂದು ಎಂದು ಸಲೀಸಾಗಿ ಹೇಳಿಬಿಡುತ್ತೇವೆ. ಎಡವುವುದು ಆ ಅನುವಾದದಲ್ಲೇ. ಲ್ಯಾಟಿನ್ನಿನ ‘ಲುಕ್ಸೂರಿಯಾ’ ಆ ಪಟ್ಟಿಯಲ್ಲಿ ಮೈಯ ಸುಖದ ಅತಿರೇಕ, ಅಷ್ಟೇ. ನಮ್ಮ ‘ಕಾಮ’ದ ಹರವು ದೊಡ್ಡದು: ಬೇಕು ಅನ್ನಿಸುವುದೆಲ್ಲ ಅದರೊಳಗೆ ಬಂತು. ಧರ್ಮ, ಅರ್ಥಗಳ ಪಕ್ಕ ಕೂತಾಗ ಪುರುಷಾರ್ಥ. ಕ್ರೋಧ, ಲೋಭಗಳ ಮುಂದೆ ನಿಂತಾಗ ವೈರಿ. ಅರಿಷಡ್ವರ್ಗದಲ್ಲಿ ಅದು ಮೊದಲು ಬರುವುದು ಅದಕ್ಕೇ.

ಕ್ರೈಸ್ತರ ಪಟ್ಟಿ ನೋಡಿ. ಈಜಿಪ್ಟಿನ ಮರುಭೂಮಿಯಲ್ಲಿದ್ದು 399ರಲ್ಲಿ ತೀರಿಕೊಂಡ ಸನ್ಯಾಸಿ ಇವಾಗ್ರಿಯಸ್ ಎಂಟು ಕೆಟ್ಟ ಆಲೋಚನೆಗಳನ್ನು ಎಣಿಸಿದ. ಹೊಟ್ಟೆಬಾಕತನ ಮೊದಲು, ಮೈಯಾಸೆ ಎರಡನೆಯದು. 590ರಲ್ಲಿ ಪೋಪ್ ಆದ ಗ್ರೆಗರಿ ಅಹಂಕಾರವನ್ನು ಎಲ್ಲ ಪಾಪಗಳ ಬೇರು ಎಂದು ತೆಗೆದಿಟ್ಟು ಏಳನ್ನು ಜೋಡಿಸಿದಾಗ ಮೈಯಾಸೆ ಕಟ್ಟಕಡೆಗೆ ಬಂತು. ಡಾಂಟೆ ಕವಿಯ ಕಾವ್ಯದಲ್ಲಿ, ಸತ್ತವರು ಪಾಪ ತೊಳೆದುಕೊಳ್ಳುವ ಶುದ್ಧಿಲೋಕದ ಬೆಟ್ಟದಲ್ಲಿ ಈ ಪಾಪದವರಿಗೆ ಏಳನೆಯ, ಅಂದರೆ ಸ್ವರ್ಗಕ್ಕೆ ತೀರ ಹತ್ತಿರದ ಮಜಲು. ನಮ್ಮ ಸೇಡಂ ದಾರಿಯ ಮಳಖೇಡದಲ್ಲಿ ಬಸದಿ ಇದೆಯಲ್ಲ, ಆ ಜೈನರ ಶಾಸ್ತ್ರವೂ ಕ್ರೋಧ, ಮಾನ, ಮಾಯೆ, ಲೋಭ ಈ ನಾಲ್ಕನ್ನೇ ಕಷಾಯ, ಅಂದರೆ ಆತ್ಮಕ್ಕೆ ಅಂಟುವ ಕೊಳೆ ಎನ್ನುತ್ತದೆ. ಕೂಡುವ ಬಯಕೆಯನ್ನು ‘ವೇದ’ ಎಂದು ಕರೆದು ನೋಕಷಾಯಗಳ, ಅಂದರೆ ಕಿರಿಯ ಕಷಾಯಗಳ ಸಾಲಿಗೆ ಹಾಕುತ್ತದೆ. ಊರ ಕಟ್ಟೆಯ ಮೇಲೆ ಮಾತ್ರ ಇದೇ ಎಲ್ಲಕ್ಕಿಂತ ದೊಡ್ಡ ಪಾಪ. ಲಂಚ ತಿಂದವನ ಬಗ್ಗೆ ಇಷ್ಟು ಪಿಸುಮಾತಿಲ್ಲ.

ಇದು ಹೇಗೆ ಬೆಳೆಯುತ್ತದೆ ಎಂಬುದನ್ನು ಏಳನೆಯ ಶತಮಾನದ ಸಿನಾಯ್ ಬೆಟ್ಟದ ಕ್ರೈಸ್ತ ಸನ್ಯಾಸಿ ಯೋಹಾನ ಬಿಡಿಸಿ ತೋರಿಸಿದ್ದಾನೆ. ಒಂದು ಚಿತ್ರ ಮನಸ್ಸಿಗೆ ಬಂದು ತಾಗುತ್ತದೆ. ಅದರ ಜೊತೆ ಮಾತಿಗಿಳಿಯುತ್ತೇವೆ. ಒಪ್ಪುತ್ತೇವೆ. ಆಮೇಲೆ ಸೆರೆ, ಹೋರಾಟ, ಕಡೆಗೆ ಬೇರೂರಿದ ಚಟ. ಬಂದು ತಾಗುವುದರಲ್ಲಿ ಪಾಪವಿಲ್ಲ ಎಂದು ಅವನೇ ಹೇಳುತ್ತಾನೆ. ಗೀತೆಯ ಎರಡನೆಯ ಅಧ್ಯಾಯವೂ ಇದೇ ಜಾಡು ಹಿಡಿಯುತ್ತದೆ: ಇಂದ್ರಿಯಸುಖದ ವಿಷಯವನ್ನೇ ನೆನೆಯುತ್ತಿದ್ದರೆ ಸಂಗ, ಅಂದರೆ ಅಂಟು, ಸಂಗದಿಂದ ಕಾಮ, ಕಾಮದಿಂದ ಕ್ರೋಧ. ಕಾಮ ಅಲ್ಲಿ ಮೂರನೆಯ ಮೆಟ್ಟಿಲು. ಹಿಡಿಯುವುದಾದರೆ ಮೊದಲೆರಡರಲ್ಲೇ ಹಿಡಿಯಬೇಕು. ಮೊದಲ ನೋಟ ನಿನ್ನದು, ಎರಡನೆಯದು ನಿನ್ನದಲ್ಲ ಎಂದು ಪ್ರವಾದಿ ಮುಹಮ್ಮದರು ತಮ್ಮ ಅಳಿಯ ಅಲಿಯವರಿಗೆ ಹೇಳಿದ್ದೂ ಇದನ್ನೇ. ಮೊಬೈಲ್ ಬದುಕುವುದೇ ಎರಡನೆಯ ನೋಟದ ಮೇಲೆ. ಯಾವ ಚಿತ್ರದ ಮೇಲೆ ಬೆರಳು ಎಷ್ಟು ಹೊತ್ತು ನಿಂತಿತು ಎಂದು ಲೆಕ್ಕ ಇಟ್ಟು, ಅಂಥದ್ದನ್ನೇ ಮತ್ತೆ ತಂದು ಮುಂದಿಡುತ್ತದೆ.

ಇನ್ನು ಉಪಾಯ. ಹೊಟ್ಟೆ ಹತೋಟಿಗೆ ಬರದೆ ಮೈಯಾಸೆಯೂ ಹತೋಟಿಗೆ ಬರದು ಎಂಬುದು ಮರುಭೂಮಿಯವರ ಲೆಕ್ಕ. ಆದ್ದರಿಂದ ಊಟದಿಂದ ಶುರು. ಇವಾಗ್ರಿಯಸ್ ನೀರನ್ನೂ ಕಡಿಮೆ ಕುಡಿ ಎಂದ, ಮೈಯ ತೇವವೇ ಆಸೆಗೆ ಮೂಲ ಎಂಬುದು ಆ ಕಾಲದ ವೈದ್ಯರ ನಂಬಿಕೆ. ಕಲಬುರಗಿಯ ಮೇ ತಿಂಗಳಲ್ಲಿ ದಯವಿಟ್ಟು ಇದನ್ನು ಮಾಡಲು ಹೋಗಬೇಡಿ, ಕಾಮಕ್ಕಿಂತ ಮೊದಲು ನೀವು ಹೋಗುತ್ತೀರಿ.

ಅದುಮಿಟ್ಟರೆ ಏನಾಗುತ್ತದೆ ಎಂಬುದು ಕಲ್ಯಾಣದವರಿಗೆ ಚೆನ್ನಾಗಿ ಗೊತ್ತಿತ್ತು. ಇಂದ್ರಿಯನಿಗ್ರಹವ ಮಾಡಿದರೆ ಹೊಂದುವವು ದೋಷಂಗಳು, ಮುಂದೆ ಬಂದು ಕಾಡುವವು ಪಂಚೇಂದ್ರಿಯಂಗಳು ಎಂದರು ಬಸವಣ್ಣನವರು. ಸತಿಪತಿಯರ ಸುಖವನ್ನು ಶಿವಭಕ್ತ ದಂಪತಿ ಸಿರಿಯಾಳ ಚಂಗಳೆಯರು ಬಿಟ್ಟರೇ ಎಂದು ಕೇಳಿದರು. ‘ಬೇಡ, ಬೇಡ’ ಎಂದು ಹಟ ಹಿಡಿದವನು ದಿನವಿಡೀ ನೆನೆಯುವುದು ಅದನ್ನೇ. ಗೀತೆಯ ಮೊದಲ ಮೆಟ್ಟಿಲನ್ನು ತಾನೇ ಹತ್ತಿರುತ್ತಾನೆ.

ಅದೇ ವಚನ ಗೆರೆ ಎಳೆಯುವುದು ಬೇರೆ ಕಡೆ: ಪರಧನ, ಪರಸತಿ. ಎರಡೂ ಒಂದೇ ಉಸಿರಿನಲ್ಲಿ. ಆಸೆಪಟ್ಟಿದ್ದು ಅಲ್ಲಿ ತಪ್ಪಲ್ಲ, ನಮ್ಮದಲ್ಲದ್ದಕ್ಕೆ ಕೈಚಾಚಿದ್ದು ತಪ್ಪು; ಅದು ಕಳವಿನ ಜಾತಿಗೆ ಸೇರಿದ್ದು. ಹೆಣ್ಣುಮಗಳೊಬ್ಬಳ ಫೋಟೊವನ್ನು ಅವಳನ್ನು ಕೇಳದೆ ಗ್ರೂಪಿಗೆ ಹಾಕುವವನನ್ನೂ ನಾನು ಆ ಪರಧನದವರ ಸಾಲಿನಲ್ಲೇ ನಿಲ್ಲಿಸುತ್ತೇನೆ.