ಮರುದಿನ ಬೆಳಗ್ಗೆ ಕಾಲು ಏನು ಹೇಳುತ್ತದೆ

ಎಲ್ಲರಿಗೂ ನಮಸ್ಕಾರ. ನಾನು ಕೂತೇ ಮಾತಾಡುತ್ತೇನೆ. ಜಾಸ್ತಿ ಹೊತ್ತು ನಿಂತರೆ ಎಡಗಾಲಿನ ಕ್ಯಾಲಿಪರ್, ಅಂದರೆ ಕಾಲಿಗೆ ಆಸರೆಯಾಗಿ ಕಟ್ಟುವ ಪಟ್ಟಿ, ತೊಡೆಗೆ ಒತ್ತುತ್ತದೆ. ಆಮೇಲೆ ಮನಸ್ಸು ಮಾತಿನ ಮೇಲೆ ನಿಲ್ಲುವುದಿಲ್ಲ.

ನನಗೆ ಪೋಲಿಯೊ ಬಂದಾಗ ಒಂದೂವರೆ ವರ್ಷ. ಅದು 1973. "ಜ್ವರ ಬಂತು, ಕಾಲು ಹೋಯ್ತು" ಅಂತಲೇ ನಮ್ಮಮ್ಮ ಈಗಲೂ ಹೇಳುವುದು. ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾಗಿದ್ದು 1995ರಲ್ಲಿ. 2011ರ ಜನವರಿಯಲ್ಲಿ ಹೌರಾದ ಒಂದು ಮಗುವಿಗೆ ಬಂದದ್ದೇ ಇಲ್ಲಿನ ಕೊನೆಯ ವೈಲ್ಡ್ ಪೋಲಿಯೊ, ಅಂದರೆ ತಾನಾಗಿ ಹರಡುವ ವೈರಸ್‌ನಿಂದ ಬಂದ ಪೋಲಿಯೊ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊ ಮುಕ್ತ ಎಂಬ ಸುದ್ದಿ ಬಂದ ದಿನ ನಾನು ಟಿವಿ ಮುಂದೆ ಕೂತು ಸಂತೋಷಕ್ಕೆ ಅತ್ತಿದ್ದೆ. ಆದರೆ ರೋಗ ಹೋದ ಮೇಲೆ ಅದನ್ನು ಕಣ್ಣಾರೆ ಕಂಡವರೂ ಕಡಿಮೆಯಾಗುತ್ತಾರೆ, ಅಲ್ವಾ? ವ್ಯಾಯಾಮದ ಚಿಕಿತ್ಸೆ ಕೊಡುವ ಈಗಿನ ಎಷ್ಟೋ ಯುವ ಫಿಸಿಯೋಗಳು ಪೋಲಿಯೊ ಕಾಲನ್ನು ನೋಡಿದ್ದು ಪುಸ್ತಕದಲ್ಲಿ ಮಾತ್ರ. ಅದು ಅವರ ತಪ್ಪಲ್ಲ. ಆದ್ದರಿಂದಲೇ ನಮ್ಮ ಕಾಲಿನ ಕಥೆ ನಮಗೆ ಸರಿಯಾಗಿ ಗೊತ್ತಿರಬೇಕು.

ಚಿಕ್ಕವಳಿದ್ದಾಗ ವ್ಯಾಯಾಮ ಎಂದರೆ ನನಗೆ ಮಾಡಿಸುತ್ತಿದ್ದ ಒಂದು ಕೆಲಸ. ಎಣ್ಣೆ ತಿಕ್ಕಿ, ಮಂಡಿ ಹಿಡಿದು ಎಳೆಯುತ್ತಿದ್ದರು. ನಾನು ಕಿರುಚುತ್ತಿದ್ದೆ. ಹತ್ತು ವರ್ಷಕ್ಕೆ ಎಲ್ಲ ನಿಂತುಹೋಯಿತು. ಆಮೇಲೆ ಮೂವತ್ತೈದು ವರ್ಷ ನಾನು ಆ ಕಡೆ ತಲೆ ಹಾಕಲಿಲ್ಲ. ಓದಿದೆ, ಕೆಲಸಕ್ಕೆ ಸೇರಿದೆ, ಬಸ್ ಹತ್ತಿದೆ ಇಳಿದೆ, ಮಗಳನ್ನು ಬೆಳೆಸಿದೆ.

ನಲವತ್ತಾರಕ್ಕೆ ಬಲಗಾಲು ಕೈಕೊಡಲು ಶುರುವಾಯಿತು. "ಒಳ್ಳೆ ಕಾಲು" ಅಂತ ನಾವೆಲ್ಲ ಹೇಳುತ್ತೇವಲ್ಲ, ಆ ಕಾಲು. ಸಂಜೆ ಆರಕ್ಕೆ ಮೈ ಕುಸಿದುಬಿಡುವಷ್ಟು ಸುಸ್ತು. ವಯಸ್ಸಾಯ್ತು, ತೂಕ ಇಳಿಸಿ ಎಂದರು. ಒಂದು ಕಡೆ ವ್ಯಾಯಾಮಕ್ಕೆ ಸೇರಿದೆ. ಅಲ್ಲಿ ಕಾಲಿಗೆ ಎರಡು ಕಿಲೋ ಮರಳಿನ ಚೀಲ ಕಟ್ಟಿದರು. ಸಾಕು ಎಂದರೆ "ಇನ್ನು ಹತ್ತು ಸಲ, ನೋವಾದರೇ ಬಲ ಬರೋದು" ಎಂದರು. ಎರಡನೇ ವಾರಕ್ಕೆ ನಾನು ಮೂರು ದಿನ ಹಾಸಿಗೆಯಿಂದ ಏಳಲಿಲ್ಲ. ತಪ್ಪು ನನ್ನದೇ, ನಾನೇ ಸೋಮಾರಿ ಅಂದುಕೊಂಡೆ. ನಿಮ್ಮಲ್ಲಿ ಯಾರಾದರೂ ಈಗ ಹಾಗೆ ಅಂದುಕೊಂಡಿದ್ದರೆ, ದಯವಿಟ್ಟು ಮುಂದಿನ ಮಾತು ಗಮನವಿಟ್ಟು ಕೇಳಿ.

ಪೋಲಿಯೊ ವೈರಸ್ ಹಾಳು ಮಾಡುವುದು ಸ್ನಾಯುವನ್ನಲ್ಲ, ಬೆನ್ನುಹುರಿಯ ಒಳಗೆ ಸ್ನಾಯುವನ್ನು ಆಡಿಸುವ ನರಕೋಶಗಳನ್ನು. ಕೆಲವು ಸಾಯುತ್ತವೆ. ಉಳಿದವು ಹೊಸ ಕವಲು ಚಾಚಿ, ಸತ್ತವುಗಳ ಪಾಲಿನ ಸ್ನಾಯು ಎಳೆಗಳನ್ನೂ ತಮ್ಮ ಕೈಗೆ ತೆಗೆದುಕೊಳ್ಳುತ್ತವೆ. ನಾವು ಮತ್ತೆ ನಡೆದದ್ದು ಹಾಗೆ. ಒಬ್ಬನೇ ನಾಲ್ಕು ಜನರ ಗದ್ದೆ ಉತ್ತ ಹಾಗೆ ಅದು. ದಶಕಗಟ್ಟಲೆ ದುಡಿದು ಆ ಕವಲುಗಳು ಸೋಲುತ್ತವೆ. ಅದಕ್ಕೆ ಪೋಸ್ಟ್ ಪೋಲಿಯೊ ಸಿಂಡ್ರೋಮ್ ಎಂದು ಹೆಸರು. ಚೆನ್ನಾಗಿದ್ದ ಕಾಲಿಗೂ ಮೊದಲು ಸ್ವಲ್ಪ ಪೆಟ್ಟು ಬಿದ್ದಿರಬಹುದು, ನಮಗೆ ಗೊತ್ತಾಗಿರುವುದಿಲ್ಲ. ಆದರೆ ಎಲ್ಲ ಸುಸ್ತೂ ಇದೇ ಅಲ್ಲ. ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿಕೊಳ್ಳಿ. ನನಗೆ ಬಿ12 ಕೂಡ ಕಡಿಮೆ ಇತ್ತು.

ಹಾಗಂತ ಸುಮ್ನೆ ಕೂತರೆ ಇನ್ನೂ ಕೆಡುಕು. ಕೂತ ಸ್ನಾಯು ಬೇರೆ ರೀತಿಯಲ್ಲಿ ಸೊರಗುತ್ತದೆ, ಕೀಲು ಬಿಗಿಯುತ್ತದೆ.

ನಾನು ಎರಡನೇ ಸಲ ಹೋದ ಫಿಸಿಯೋ ಮೊದಲ ದಿನ ಒಂದೂ ವ್ಯಾಯಾಮ ಮಾಡಿಸಲಿಲ್ಲ. ಒಂದೊಂದು ಸ್ನಾಯುವನ್ನೂ ಮುಟ್ಟಿ, ಸೊನ್ನೆಯಿಂದ ಐದರವರೆಗೆ ಅಂಕ ಬರೆದುಕೊಂಡರು. ಮೂರು ಎಂದರೆ ಕಾಲು ತನ್ನ ಭಾರವನ್ನು ತಾನೇ ಎತ್ತಬಲ್ಲದು, ಅಷ್ಟೇ. ಅದಕ್ಕಿಂತ ಕಡಿಮೆ ಇದ್ದಲ್ಲಿ ಅವರು ಭಾರ ಕಟ್ಟಲೇ ಇಲ್ಲ. ಮಂಚದ ಮೇಲೆ ಮಲಗಿಸಿ, ಕಾಲನ್ನು ಪಕ್ಕಕ್ಕೆ ಜಾರಿಸಲು ಹೇಳಿದರು. ನನ್ನ ಎಡತೊಡೆಯ ಮುಂಭಾಗಕ್ಕೆ ಸೊನ್ನೆ. "ಇದಕ್ಕೆ ವ್ಯಾಯಾಮದಿಂದ ಬಲ ಬರುವುದಿಲ್ಲ. ಆದರೆ ಮಂಡಿ, ಪಾದ ಬಿಗಿಯಾಗದ ಹಾಗೆ ನೋಡಿಕೊಳ್ಳೋಣ" ಎಂದರು. ಅಷ್ಟು ನೇರವಾಗಿ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಆ ಮಾತು ಕೇಳಿ ನನಗೆ ದುಃಖವಾಗಲಿಲ್ಲ, ಹಗುರಾಯಿತು.

ಆಮೇಲೆ ಕೇಳಿದರು, "ನಿಮಗೆ ಏನು ಮಾಡಲು ಆಗಬೇಕು?" ಹಾಲಿನ ಪಾತ್ರೆ ಹಿಡಿದು ಒಲೆಯಿಂದ ಮೇಜಿನವರೆಗೆ ನಡೆಯಬೇಕು ಎಂದೆ. ತೊಡೆಯನ್ನು ಕೈಯಿಂದ ಒತ್ತಿಕೊಂಡು ನಡೆಯುವವರಿಗೆ ಇದು ಗೊತ್ತು, ಒಂದು ಕೈ ಯಾವಾಗಲೂ ಕಾಲಿಗೇ ಮೀಸಲು. ಅಲ್ಲಿಂದ ನಮ್ಮ ಕೆಲಸ ಶುರುವಾಯಿತು. ಹೊಸ ಹಗುರ ಕ್ಯಾಲಿಪರ್, ಸೊಂಟದ ಪಕ್ಕದ ಸ್ನಾಯು, ಹೊಟ್ಟೆ, ಬೆನ್ನು. ಮೊದಲ ವಾರ ಐದು ಸಲ ಎತ್ತುವುದು, ಒಂದು ನಿಮಿಷ ಸುಮ್ಮನಿರುವುದು, ಮತ್ತೆ ಐದು. ದಿನ ಬಿಟ್ಟು ದಿನ.

ಅವರು ಕೊಟ್ಟ ಅಳತೆಗೋಲು ಇಷ್ಟೇ. ಮಾಡುವಾಗ ಮಾತಾಡಲು ಉಸಿರಿರಬೇಕು. ಇನ್ನೂ ಮಾಡಬಹುದು ಅನ್ನಿಸುವಾಗಲೇ ನಿಲ್ಲಿಸಬೇಕು. ಮರುದಿನ ಬೆಳಗ್ಗೆ ಎದ್ದಾಗ ಕಾಲು ಎಂದಿನಂತಿದ್ದರೆ ನಿನ್ನೆಯದು ಸರಿಯಾಗಿತ್ತು. ನೋವೋ ನಿಶ್ಶಕ್ತಿಯೋ ಉಳಿದಿದ್ದರೆ ನಿನ್ನೆ ಜಾಸ್ತಿಯಾಯಿತು, ಮುಂದಿನ ಸಲ ಅರ್ಧ ಮಾಡಿ. ನಾನು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದೆ. ಮದುವೆಮನೆಗೆ ಹೋಗಿ ಬಂದ ದಿನ ವ್ಯಾಯಾಮ ಇಲ್ಲ, ಓಡಾಟವೇ ವ್ಯಾಯಾಮ.

2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಗವಿಕಲರಿಗಾಗಿಯೂ ವ್ಯಾಯಾಮದ ಮಾರ್ಗಸೂಚಿ ಕೊಟ್ಟಿತು. ವಾರಕ್ಕೆ 150 ನಿಮಿಷ ಎನ್ನುತ್ತದೆ. ಆ ಸಂಖ್ಯೆ ನೋಡಿ ಹೆದರಬೇಡಿ. ಏನೂ ಮಾಡದೆ ಇರುವುದಕ್ಕಿಂತ ಸ್ವಲ್ಪ ಮಾಡುವುದು ಮೇಲು ಎಂದೂ ಅದೇ ಹೇಳುತ್ತದೆ. ನಾನು ಶುರು ಮಾಡಿದ್ದು ಒಂದು ಸಲಕ್ಕೆ ಎಂಟು ನಿಮಿಷದಿಂದ.

ಗಾಲಿಕುರ್ಚಿ, ಊರುಗೋಲು ಬಳಸುವವರಿಗೆ ಒಂದು ಮಾತು. ನಮಗೆ ಭುಜವೇ ಕಾಲು. ಭುಜ ನೋಯುತ್ತಿದ್ದರೆ ತಡ ಮಾಡಬೇಡಿ. ಊರುಗೋಲಿನ ಎತ್ತರ ತಪ್ಪಿರಬಹುದು, ಕಂಕುಳಿಗೆ ಭಾರ ಬೀಳುತ್ತಿರಬಹುದು. ಭಾರ ಅಂಗೈ ಮೇಲೆ ಇರಬೇಕು.

ನಾನೀಗ ಎರಡೂ ಕೈಯಲ್ಲಿ ಪಾತ್ರೆ ಹಿಡಿದು ಆ ಎಂಟು ಹೆಜ್ಜೆ ನಡೆಯುತ್ತೇನೆ. ನಾಲ್ಕು ತಿಂಗಳು ಹಿಡಿಯಿತು. ಬಲಗಾಲಿನ ಬಲ ಮೊದಲಿನಷ್ಟು ವಾಪಸ್ ಬಂದಿಲ್ಲ. ಸಂಜೆ ಆರಕ್ಕೆ ಮಾತ್ರ ಈಗ ಮಲಗಬೇಕಾಗಿಲ್ಲ.

ಮೊದಲ ಸಲ ಫಿಸಿಯೋ ಹತ್ತಿರ ಹೋಗುವಾಗ ನಿಮ್ಮ ಹಳೆಯ, ಸವೆದ ಚಪ್ಪಲಿ ತೆಗೆದುಕೊಂಡು ಹೋಗಿ. ಹೊಸದು ಬೇಡ. ಅಟ್ಟೆ ಯಾವ ಕಡೆ ಸವೆದಿದೆ ಎಂದು ನೋಡಿದರೆ ನೀವು ಹೇಗೆ ನಡೆಯುತ್ತೀರಿ ಅಂತ ಅವರಿಗೆ ಅರ್ಧ ಗೊತ್ತಾಗುತ್ತದೆ. ಉಳಿದರ್ಧ ನೀವೇ ಹೇಳಬೇಕು. ಈಗ ಪ್ರಶ್ನೆ ಕೇಳಿ, ಹಿಂದೆ ಕೂತವರು ಮೊದಲು.